ಪಿನ್ನು ತೆರೆದಿತ್ತಾ, ಮುಚ್ಚಿತ್ತಾ

ನಮ್ಮ ಮನೆಯವರು ಆಸ್ಪತ್ರೆಗೆ ಸುಮ್ಮನೆ ಹೋಗಿ ಸುಮ್ಮನೆ ಬಂದದ್ದು ನನಗಂತೂ ನೆನಪಿಲ್ಲ. ಹಲ್ಲು ಕೀಳಿಸಲು ಹೋದ ನಮ್ಮ ಮಾವ ಪಕ್ಕದ ಸಾಲಿನಲ್ಲಿ ಕೂತು ಕಣ್ಣಿಗೆ ಔಷಧಿ ಹಾಕಿಸಿಕೊಂಡು, ಹಲ್ಲನ್ನು ಹಾಗೇ ಇಟ್ಟುಕೊಂಡು ಮನೆಗೆ ಬಂದಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದರೆ, "ಡಾಕ್ಟರು ಮೇಲೆ ನೋಡು ಅಂದರು, ನೋಡಿದೆ" ಎಂದರು. ಇಂಥವು ಲೆಕ್ಕವಿಲ್ಲದಷ್ಟಿವೆ. ಆದರೆ ಎಲ್ಲವನ್ನೂ ಮೀರಿಸಿದ್ದು ನನ್ನ ಮಗಳ ಎಕ್ಸ್‌ರೇ.

ಆಗ ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿತ್ತು. ನಾನು ಕುಶಾಲನಗರದ ಕಡೆಯವಳು, ಹಾಸನದಿಂದ ಬಂದು ಗದ್ದೆ ಮಾಡಿದವರ ಮೊಮ್ಮಗಳು. ಮದುವೆಯಾಗಿ ಬಂದದ್ದು ಮೂರ್ನಾಡಿನ ಹತ್ತಿರ ಅರೆಭಾಷೆ ಆಡುವ ಮನೆಗೆ. ಯಜಮಾನರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮನೆಯಲ್ಲಿ ಉಳಿದ ಎಲ್ಲ ಅಧಿಕಾರವೂ ನಮ್ಮತ್ತೆಯದು. ಅತ್ತೆ ಆಡಿದ ಮಾತನ್ನು ಆಡಿದ ಹಾಗೆಯೇ ಬರೆದರೆ ಅರ್ಧ ನಿಮಗೆ ತಿಳಿಯುವುದಿಲ್ಲ, ಇನ್ನರ್ಧ ಬರೆಯುವಂಥದ್ದಲ್ಲ. ಹಾಗಾಗಿ ಸ್ವಲ್ಪ ತಿದ್ದಿದ್ದೇನೆ.

೧. ಹೂಂ

ಒಂದು ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಸೀರೆಯ ಸೆರಗಿಗೆ ಪಿನ್ನು ಹಾಕೋಣವೆಂದು ಕಿಟಕಿಗೆ ಕೈ ಹಾಕಿದೆ. ಪಿನ್ನು ಇಲ್ಲ. ನಮ್ಮಕ್ಕ ತಂದುಕೊಟ್ಟಿದ್ದ ಹಿತ್ತಾಳೆಯ ಹಳದಿ ಪಿನ್ನು, ದಿನಾ ಅಲ್ಲೇ ಇಡುತ್ತಿದ್ದೆ. ಕಿಟಕಿಯ ಕೆಳಗೆ ಮಗಳು ಕೂತಿದ್ದಳು. ಆಗ ಅವಳಿಗೆ ಮೂರೂವರೆ ವರ್ಷ. ಬಾಯೊಳಗೆ ಎರಡು ಬೆರಳು, ಕಣ್ಣು ಇಷ್ಟಗಲ, ಗಂಟಲಲ್ಲಿ ಏನೋ ಇಳಿಯುತ್ತಾ ಇದೆ.

ಬಗ್ಗಿ ಅವಳ ಬಾಯಿಂದ ಬೆರಳು ಎಳೆದೆ.

"ಪಿನ್ನು ನುಂಗಿದ್ಯಾ?"

"ಹೂಂ."

"ಅದರ ಬಾಯಿ ತೆರೆದಿತ್ತಾ, ಮುಚ್ಚಿತ್ತಾ?"

"ಹೂಂ."

"ತೆರೆದಿತ್ತಾ?"

"ಹೂಂ."

"ಮುಚ್ಚಿತ್ತಾ?"

"ಹೂಂ."

ಅಷ್ಟರಲ್ಲಿ ಅತ್ತೆ ಬಂದರು. "ಹಾಗೆಲ್ಲ ಕೇಳಿದರೆ ಮಕ್ಕಳು ಹೇಳ್ತಾವಾ? ನೀನು ಆಚೆ ಸರಿ, ನಾನು ಕೇಳ್ತೇನೆ" ಎಂದು ಮಗುವನ್ನು ಮಡಿಲಿಗೆ ಹಾಕಿಕೊಂಡು, ಬಹಳ ಜಾಣತನದಿಂದ, "ಪುಟ್ಟೀ, ನೀನು ಆನೆ ನುಂಗಿದ್ಯಾ?" ಎಂದರು.

"ಹೂಂ" ಎಂದಳು.

ಅತ್ತೆಗೂ ಬೆವರು ಬಂತು. ಬೆವರು ಬಂದರೆ ಅವರಿಗೆ ಸಿಟ್ಟೂ ಬರುತ್ತದೆ. "ತೆರೆದೇ ಇರ್ತದೆ ಮಾರಾಯ್ತಿ. ನಿನ್ನ ಪಿನ್ನು ಯಾವತ್ತು ಮುಚ್ಚಿತ್ತು ಹೇಳು. ಉಪ್ಪಿನ ಭರಣಿ ಮುಚ್ಚುವುದಿಲ್ಲ, ಕೋಳಿಗೂಡು ಮುಚ್ಚುವುದಿಲ್ಲ, ಪಿನ್ನು ಮುಚ್ಚುತ್ತೀಯಾ ನೀನು?"

ಹಿಂದಿನ ತಿಂಗಳಷ್ಟೇ ನಾನು ಮುಚ್ಚದ ಗೂಡಿನಿಂದ ನರಿ ಎರಡು ಹೇಂಟೆ ಒಯ್ದಿತ್ತು.

ಮೂರ್ನಾಡಿನ ಕಾಂಪೌಂಡರು ಹೊಟ್ಟೆ ಒತ್ತಿ ನೋಡಿ ಹೇಳಿದ್ದು ಇಷ್ಟು: ಪಿನ್ನು ಮುಚ್ಚಿದ್ದರೆ ತಾನು ಬಂದ ಹಾಗೆ ತಾನೇ ಹೋಗುತ್ತದೆ. ತೆರೆದಿದ್ದರೆ ಎಲ್ಲಾದರೂ ಕಚ್ಚಿಕೊಳ್ಳುತ್ತದೆ, ಆಗ ಮೈಸೂರಿಗೆ ಒಯ್ದು ಹೊಟ್ಟೆ ಕೊಯ್ಯಿಸಬೇಕು. ಯಾವುದು ಅಂತ ತಿಳಿಯಲು ಎಕ್ಸ್‌ರೇ ತೆಗೆಸಿ. ಕೊಯ್ಯುವುದು ಎಂಬ ಮಾತು ಕೇಳಿದ್ದೇ ನಾನು ಅಲ್ಲಿಯೇ ಅತ್ತುಬಿಟ್ಟೆ. ಕಾಂಪೌಂಡರು ಮಗುವಿನ ಗಲ್ಲ ಹಿಡಿದು, "ಏನೂ ಆಗುವುದಿಲ್ಲ ಅಲ್ವಾ ಪುಟ್ಟೀ?" ಎಂದರು.

"ಹೂಂ" ಎಂದಳು. ಬೆಳಗಿನಿಂದ ಆ ಮಗು ಆಡಿದ್ದರಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ.

೨. ಬಸ್ಸಿನಿಂದ ಇಳಿದವರು

ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಕಾಲ. ಯಜಮಾನರಿಗೆ ಎಸ್ಟೇಟಿನಿಂದ ರಜೆ ಸಿಗುವ ಹಾಗಿರಲಿಲ್ಲ. ನಾನೂ ಅತ್ತೆಯೂ ಹೊರಟೆವು. ಎಕ್ಸ್‌ರೇ ಎಂದರೆ ಒಳಗಿನ ಫೋಟೋ ಎಂದು ಕಾಂಪೌಂಡರು ಹೇಳಿದ್ದರಲ್ಲ, ಅತ್ತೆ ಅದರಲ್ಲಿ 'ಫೋಟೋ' ಒಂದನ್ನೇ ಮನಸ್ಸಿಗೆ ಹಾಕಿಕೊಂಡರು. ನಾನು ಬುತ್ತಿ ಕಟ್ಟುವಷ್ಟರಲ್ಲಿ ಮಗುವಿಗೆ ಹೊಸ ಲಂಗ, ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬೆಳ್ಳಿ ಡಾಬು, ಮುಖಕ್ಕೆ ಪೌಡರು.

"ಹೊಟ್ಟೆಯ ಫೋಟೋ ಅತ್ತೆ" ಎಂದೆ.

"ಹೊಟ್ಟೆಗೂ ಹಾಕಿದ್ದೇನೆ" ಎಂದರು. ಲಂಗ ಸರಿಸಿ ನೋಡಿದರೆ ಹೊಟ್ಟೆಗೂ ಪೌಡರು.

ಬಸ್ಸಿನ ಕಂಡಕ್ಟರು ಮಲಯಾಳಿ. ಮಗುವಿನ ಅಲಂಕಾರ ನೋಡಿ, "ಎಲ್ಲಿಗೆ ಚೇಚೀ, ಮದುವೆಗಾ?" ಎಂದ. ನಾನು ವಿಷಯ ಹೇಳಿದೆ. ಅವನು ಸೀದಾ ಡ್ರೈವರನ ಹತ್ತಿರ ಹೋಗಿ ಏನೋ ಹೇಳಿದ. ಅಲ್ಲಿಂದ ಬಸ್ಸು ಮೆಲ್ಲಗಾಯಿತು. ಗುಂಡಿ ಬಂದರೆ ನಿಲ್ಲುವುದು, ಕಂಡಕ್ಟರು ಇಳಿದು ನೋಡುವುದು, ಒಂದು ಚಕ್ರ ಇಳಿಸುವುದು, ಆಮೇಲೆ ಇನ್ನೊಂದು ಚಕ್ರ ಇಳಿಸುವುದು. ಮುಂದಿನ ಸೀಟಿನಲ್ಲಿ ಕರಿ ಕೋಟು ತೊಟ್ಟ ಒಬ್ಬ ಹಿರಿಯರು ಕೂತಿದ್ದರು. ಅವರು ಎರಡು ಸಲ ಗಡಿಯಾರ ನೋಡಿ, "ಎಂತಪ್ಪ, ಬಸ್ಸಿಗೆ ಜ್ವರವಾ?" ಎಂದು ಕೇಳಿದರು.

"ಆ ಮಗುವಿನ ಹೊಟ್ಟೆಯಲ್ಲಿ ಪಿನ್ನು ಉಂಟು" ಎಂದ ಕಂಡಕ್ಟರು. "ಬಾಯಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತಿಲ್ಲ."

ಇಡೀ ಬಸ್ಸು ಹಿಂದಕ್ಕೆ ತಿರುಗಿತು. ಎಡಗಡೆಯವರು ಮುಚ್ಚಿದೆ ಎಂದರು, ಬಲಗಡೆಯವರು ತೆರೆದಿದೆ ಎಂದರು. ಎರಡೂ ಕಡೆಯವರು ಬಾಳೆಹಣ್ಣು ಕೊಟ್ಟರು. ಹಿರಿಯರು ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, "ನನಗೆ ಹನ್ನೊಂದಕ್ಕೆ ಕೋರ್ಟು. ಗದ್ದೆಯ ಕೇಸು, ನಮ್ಮಪ್ಪನ ಕಾಲದ್ದು. ಇನ್ನೊಂದು ವಾಯಿದೆ ಬಿದ್ದರೆ ಎಂತ ಆಗ್ತದೆ? ನಿಧಾನ ಹೋಗು ಮಾರಾಯ" ಎಂದರು. ಆ ಮನುಷ್ಯ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆವತ್ತು ಕಾಲಿಗೆ ಬೀಳಬೇಕೆನಿಸಿತ್ತು.

ಮುಂದೆ ರಸ್ತೆ ಕೊಚ್ಚಿಹೋದ ಜಾಗ ಬಂತು. ಭಾರ ಕಮ್ಮಿಯಾದರೆ ಬಸ್ಸು ಕುಲುಕುವುದಿಲ್ಲ ಎಂದು ಯಾರೋ ಹೇಳಿದರು. (ನಿಜಕ್ಕೂ ಜಾಸ್ತಿ ಕುಲುಕುತ್ತದೆ ಎಂದು ನಮ್ಮ ಯಜಮಾನರು ಆಮೇಲೆ ಹೇಳಿದರು. ಇರಲಿ.) ಎಲ್ಲರೂ ಇಳಿದರು. ಕೋರ್ಟಿನವರು, ಕೋಳಿ ಬುಟ್ಟಿಯವರು, ಬಸುರಿ ಹೆಂಗಸೊಬ್ಬಳು ಕೂಡ. ನಾನು ಅವಳನ್ನು ಕೈ ಹಿಡಿದು ಮತ್ತೆ ಹತ್ತಿಸಿಕೊಂಡೆ. ಡ್ರೈವರನನ್ನು ಬಿಟ್ಟರೆ ಬಸ್ಸಿನಲ್ಲಿ ನಾವು ನಾಲ್ಕೇ ಜನ, ಪಕ್ಕದಲ್ಲಿ ಮೂವತ್ತು ಜನ ನಡೆದು ಬರುತ್ತಾ ಇದ್ದಾರೆ.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು: "ಸ್ವಲ್ಪ ಬೇಗ ಬೇಗ ನಡೀರಿ, ನಮಗೆ ತಡ ಆಗ್ತದೆ."

೩. ಮೊದಲ ಫೋಟೋ

ಆಸ್ಪತ್ರೆ ಯಾವ ಊರಿನದು ಅಂತ ಹೇಳುವುದಿಲ್ಲ. ಅಲ್ಲಿಯ ಡಾಕ್ಟರ ಮರ್ಯಾದೆಯ ಪ್ರಶ್ನೆ, ಮುಂದೆ ನಿಮಗೇ ತಿಳಿಯುತ್ತದೆ.

ಎಕ್ಸ್‌ರೇ ತೆಗೆಯುವವನು ಊರಿನ ಕಡೆಯವನೇ, ಬಹಳ ತಾಳ್ಮೆಯವನು. ಲೋಹದ್ದು ಮೈಮೇಲೆ ಏನೂ ಇರಬಾರದು ಎಂದ. ಅತ್ತೆ ಹಾಕಿದ್ದನ್ನೆಲ್ಲ ನಾನು ಬಿಚ್ಚುತ್ತಾ ಬಂದೆ. ಡಾಬು, ಗೆಜ್ಜೆ, ಕೈಬಳೆ, ಉಡಿದಾರದ ತಾಯತ. ಮಗು ಮೇಜಿನ ಮೇಲೆ ಮಲಗಿ ಮೇಲಿದ್ದ ಯಂತ್ರ ನೋಡಿದ್ದೇ ಕಿರುಚಿತು. ಹಿಡಿಯಲು ಹೋದ ನಾನೂ ಅದರ ಜೊತೆ ಅಳತೊಡಗಿದೆ. ಅತ್ತೆ ನನ್ನನ್ನು ಹೊರಗೆ ದಬ್ಬಿದರು. "ನಿನ್ನನ್ನು ನೋಡಿಯೇ ಅದು ಹೆದರುವುದು. ನಾನು ಹಿಡಿದುಕೊಳ್ತೇನೆ."

"ಭುಜ ಹಿಡಿದುಕೊಳ್ಳಿ ಅಜ್ಜಿ, ಹೊಟ್ಟೆ ಮುಟ್ಟಬೇಡಿ" ಎಂದು ಅವನು ಹೇಳಿದ್ದು ಹೊರಗಿದ್ದ ನನಗೂ ಕೇಳಿಸಿತು.

ಫೋಟೋ ತೊಳೆದು ತರುವಷ್ಟು ಹೊತ್ತು ನಾನು ಬೆಂಚಿನ ಮೇಲೆ ಕೂತಿದ್ದೆ. ತೆರೆದಿದ್ದರೆ ಎಂತ ಮಾಡುವುದು, ಮೈಸೂರಿನಲ್ಲಿ ಯಾರಿದ್ದಾರೆ, ಇಷ್ಟು ಸಣ್ಣ ಹೊಟ್ಟೆಯನ್ನು ಹೇಗೆ ಕೊಯ್ಯುತ್ತಾರೆ. ಒಂದು ಪಿನ್ನು ಮುಚ್ಚಲು ಎಷ್ಟು ಹೊತ್ತು ಬೇಕು ಹೇಳಿ. ಆ ಒಂದು ಚಿಟಿಕೆ ಹೊತ್ತು ನನ್ನಿಂದ ಆಗಲಿಲ್ಲವಲ್ಲ ಎಂದು ನನಗೆ ನಾನೇ ಶಾಪ ಹಾಕಿಕೊಂಡೆ.

ಅವನು ಫೋಟೋ ಹಿಡಿದು ಬಂದ. ಮುಖ ಸಪ್ಪಗಿತ್ತು.

"ತೆರೆದಿದೆಯಾ?" ಎಂದೆ.

"ಪಿನ್ನು ಕಾಣುವುದಿಲ್ಲ ಅಕ್ಕ. ಅಜ್ಜಿ ಕಾಣುತ್ತಾರೆ."

ಬೆಳಕಿಗೆ ಹಿಡಿದ. ನನ್ನ ಮಗಳ ಪುಟ್ಟ ಬೆನ್ನುಮೂಳೆ, ಪಕ್ಕೆಲುಬು, ಅದರ ಮೇಲೆ ನಡುಮಧ್ಯ ಒಂದು ದೊಡ್ಡ ಕೈ. ಐದು ಬೆರಳು, ಒಂದು ಉಂಗುರ, ಎರಡು ಬಳೆ. ಬಟನ್ ಒತ್ತುವ ಗಳಿಗೆಗೆ ಸರಿಯಾಗಿ ಅತ್ತೆ ಇಗ್ಗುತಪ್ಪ ದೇವರನ್ನು ನೆನೆದು ಮೊಮ್ಮಗಳ ಹೊಟ್ಟೆಯ ಮೇಲೆ ಕೈ ಇಟ್ಟಿದ್ದರು.

ನನಗೆ ಅಳುವುದೋ ಸಿಟ್ಟು ಮಾಡುವುದೋ ತಿಳಿಯಲಿಲ್ಲ. ಅತ್ತೆ ಮಾತ್ರ ಫೋಟೋವನ್ನು ಆ ಕಡೆ ಈ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು.

"ಬಳೆ ಚೆನ್ನಾಗಿ ಬಂದಿದೆ" ಎಂದರು.

೪. ಏಳು ಚುಕ್ಕೆ

ಎರಡನೇ ಸಲ ಅತ್ತೆಯನ್ನು ಹೊರಗೆ ಕೂರಿಸಿದರು. ನಾನೇ ಒಳಗೆ ನಿಂತೆ. ಎಕ್ಸ್‌ರೇಯವನು ಮಗುವಿಗೆ, "ಉಸಿರು ಬಿಡಬೇಡ ಪುಟ್ಟೀ, ನೀನು ಜಾಣೆ" ಎಂದ. ಅಳು ನಿಂತಿತು. ಅವಳು ಎಷ್ಟು ಜಾಣೆ ಎಂದರೆ, ಫೋಟೋ ಆಗಿ, ಮೇಜಿನಿಂದ ಇಳಿಸಿ, ಲಂಗ ಹಾಕಿ, ಬಾಗಿಲು ದಾಟುವವರೆಗೂ ಗಲ್ಲ ಉಬ್ಬಿಸಿಕೊಂಡೇ ಇದ್ದಳು. ಬಿಡು ಅಂತ ಯಾರೂ ಹೇಳಿರಲಿಲ್ಲ.

ಈ ಫೋಟೋ ನೇರ ಡಾಕ್ಟರ ಕೋಣೆಗೆ ಹೋಯಿತು. ಡಾಕ್ಟರು ಬಯಲು ಸೀಮೆಯಿಂದ ಬಂದು ಎರಡು ತಿಂಗಳಾಗಿತ್ತಷ್ಟೇ. ಎಳೆ ಪ್ರಾಯ, ಒಳ್ಳೆಯ ಮನುಷ್ಯ. ನಮ್ಮನ್ನು ಒಳಗೆ ಕರೆದವರೇ ಬಾಗಿಲು ಹಾಕಿಕೊಂಡರು.

"ತೆರೆದಿದೆಯಾ, ಮುಚ್ಚಿದೆಯಾ?" ಎಂದೆ.

"ಪಿನ್ನು ಇರಲಿ ತಾಯಿ" ಎಂದರು ತಗ್ಗಿದ ದನಿಯಲ್ಲಿ. "ಈ ಮಗುವಿಗೆ ಗುಂಡು ಹೊಡೆದವರು ಯಾರು?"

ನನ್ನ ಕಿವಿಗೆ ಬಿದ್ದದ್ದು ತಲೆಗೆ ಹತ್ತಲಿಲ್ಲ. ಅವರು ಫೋಟೋ ತೋರಿಸಿದರು. ಹೊಟ್ಟೆಯ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ದುಂಡಗೆ ಬೆಳ್ಳಗೆ ಏಳು ಚುಕ್ಕೆ. "ಇವು ಸೀಸದ ಗುಂಡು. ನಾನು ಪೊಲೀಸಿಗೆ ಹೇಳಿ ಕಳಿಸಿದ್ದೇನೆ. ಹೆದರಬೇಡಿ, ಯಾರು ಅಂತ ನಿಜ ಹೇಳಿ."

"ಪಿನ್ನು ಡಾಕ್ಟರೇ, ಪಿನ್ನು" ಎಂದೆ.

"ಪಿನ್ನಿನ ವಿಷಯ ಆಮೇಲೆ." ಅವರು ಮಗುವಿನ ಲಂಗ ಸರಿಸಿ ಗಾಯ ಹುಡುಕತೊಡಗಿದರು. ಹೊಟ್ಟೆ ನೋಡಿದರು, ಬೆನ್ನು ನೋಡಿದರು, ಕಂಕುಳು ಎತ್ತಿ ನೋಡಿದರು. ಎಲ್ಲಿ ಮುಟ್ಟಿದರೂ ಪೌಡರು. "ಆಶ್ಚರ್ಯ. ಗುಂಡು ಒಳಗೆ ಹೋದ ತೂತೇ ಕಾಣಿಸುತ್ತಿಲ್ಲ."

ಬಾಗಿಲು ತಳ್ಳಿಕೊಂಡು ಬಂದ ಅತ್ತೆಗೆ ಈ ಮಾತು ಕೇಳಿಸಿತು. "ತೂತು ಉಂಟಲ್ಲ" ಎಂದರು. "ಬಾಯಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಪೊಲೀಸಿನವನು ಬಂದ. ದಪ್ಪ ಮೀಸೆ, ನಮ್ಮ ನಾಡಿನವನೇ. ಡಾಕ್ಟರು ಬಹಳ ಗಂಭೀರವಾಗಿ ಫೋಟೋ ಕೊಟ್ಟರು. ಅವನು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಫೋಟೋವನ್ನು ಕಿಟಕಿಗೆ ಹಿಡಿದು, ಬೆರಳಿನಿಂದ ಎಣಿಸಿದ. ಮತ್ತೆ ಅತ್ತೆಯ ಕಡೆ ತಿರುಗಿದ.

"ಸಣ್ಣ ಚರೆ. ಕಾಡುಕೋಳಿಯಾ ಅಜ್ಜಿ, ಪಾರಿವಾಳವಾ?"

"ಹಸಿರು ಪಾರಿವಾಳ" ಎಂದರು ಅತ್ತೆ. "ನನ್ನ ಮಗ ನಿನ್ನೆ ಹೊಡೆದು ತಂದದ್ದು. ನಾನೇ ಸಾರು ಮಾಡಿದ್ದು."

"ನಿನ್ನೆ ಭಾನುವಾರ. ನಾನೂ ಆ ಕಡೆಯೇ ಬಂದಿದ್ದೆ, ಯಾರೂ ಕರೆಯಲಿಲ್ಲ" ಎಂದ ಪೊಲೀಸಿನವನು, ನಿಜವಾಗಿಯೂ ಬೇಸರದಿಂದ.

ಬಯಲು ಸೀಮೆಯವರಿಗೆ ಇದು ಹೊಸದು. ನಮ್ಮ ಕಡೆ ಮನೆಗೊಂದು ಕೋವಿ. ಕೋವಿಯ ತೋಟೆಯಲ್ಲಿ ಸಾಸಿವೆಗಿಂತ ಸ್ವಲ್ಪ ದಪ್ಪದ ಸೀಸದ ಕಾಳು ತುಂಬಿರುತ್ತದೆ, ಅದೇ ಚರೆ. ಹಕ್ಕಿಗೆ ಹೊಡೆದರೆ ಮಾಂಸದೊಳಗೆ ಕೂತುಬಿಡುತ್ತದೆ. ಅಡುಗೆಗೆ ಮುಂಚೆ ಹುಡುಕಿ ತೆಗೆಯುತ್ತೇವೆ, ತಪ್ಪಿದ್ದು ಊಟ ಮಾಡುವಾಗ ಹಲ್ಲಿಗೆ ಸಿಗುತ್ತದೆ, ಹಲ್ಲಿಗೂ ತಪ್ಪಿದ್ದು ಹೊಟ್ಟೆಗೆ ಹೋಗುತ್ತದೆ. ದೊಡ್ಡವರು ಉಗಿಯುತ್ತಾರೆ, ಮಕ್ಕಳು ಅಗಿಯದೆ ನುಂಗುತ್ತಾರೆ. ಪೊಲೀಸಿನವನು ಇದನ್ನೆಲ್ಲ ವಿವರಿಸಿದ. "ಈ ಮಗುವಿಗೆ ಗುಂಡೇಟು ಅಂತ ಕೇಸು ಬರೆದರೆ ಸಾರ್, ನಾಡಿನಲ್ಲಿ ಉಂಡವರನ್ನೆಲ್ಲ ಹಿಡಿಯಬೇಕಾಗುತ್ತದೆ. ಮೊದಲು ನನ್ನನ್ನು."

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಗಂಡಸರ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ ನಾನು. ಆವತ್ತು ಮೇಜು ಗುದ್ದಿದೆ. "ಚರೆ ಹಾಳಾಗಿ ಹೋಗಲಿ. ನನ್ನ ಮಗಳ ಹೊಟ್ಟೆ ಕೊಯ್ಯಬೇಕಾ ಬೇಡವಾ, ಅದನ್ನು ಹೇಳಿ."

ಡಾಕ್ಟರು ಫೋಟೋವನ್ನು ಮತ್ತೆ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. ಆಮೇಲೆ ಫೋಟೋ ಕೆಳಗಿಟ್ಟು, "ಮುಚ್ಚಿದೆ ತಾಯಿ" ಎಂದರು. "ಚೆನ್ನಾಗಿಯೇ ಮುಚ್ಚಿದೆ. ಒಂದೇ ಪಿನ್ನು, ಹೊಟ್ಟೆ ದಾಟಿ ಕೆಳಗೆ ಬಂದಿದೆ. ಬಾಳೆಹಣ್ಣು, ಗಂಜಿ, ಮುದ್ದೆ ಕೊಡಿ. ನಾಲ್ಕು ದಿನ ಕಾಯಿರಿ. ಬರದಿದ್ದರೆ ಮಾತ್ರ ಮೈಸೂರು."

ನಾನು ಮಗುವನ್ನು ಅಪ್ಪಿಕೊಂಡು ಅತ್ತುಬಿಟ್ಟೆ. ಪೊಲೀಸಿನವನು ಟೋಪಿ ಹಾಕಿಕೊಂಡು ಗೋಡೆ ನೋಡುತ್ತಾ ನಿಂತ. ನಮ್ಮತ್ತೆಯ ಕಣ್ಣೂ ಒದ್ದೆಯಾಗಿತ್ತು, ಆದರೆ ಬಾಯಿ ಬಾಯಿಯೇ. "ಮದುವೆಯಾಗಿ ಬಂದಾಗಿನಿಂದ ಇವಳು ಮುಚ್ಚಿದ್ದು ಇದೊಂದೇ. ದೇವರು ದೊಡ್ಡವನು" ಎಂದರು.

ಹೊರಡಲು ಎದ್ದೆವು. ಡಾಕ್ಟರು ಮಾತ್ರ ಕೂತೇ ಇದ್ದರು. ನಾಲಗೆಯಿಂದ ಹಲ್ಲಿನ ಸಂದಿಯಲ್ಲಿ ಏನೋ ಹುಡುಕುತ್ತಿದ್ದರು.

"ಈ ಹಸಿರು ಪಾರಿವಾಳದ ಸಾರು ಹೇಗಿರುತ್ತದೆ? ಕಪ್ಪಗೆ, ಮೆಣಸಿನ ಖಾರ?" ಎಂದು ಮೆಲ್ಲಗೆ ಕೇಳಿದರು. "ಮೊನ್ನೆ ಒಂದು ಎಸ್ಟೇಟಿನಲ್ಲಿ ಊಟಕ್ಕೆ ಕರೆದಿದ್ದರು. ಬಾಯಿಗೆ ಕಲ್ಲು ಕಲ್ಲು ಸಿಗುತ್ತಿತ್ತು. ಅಕ್ಕಿ ಸರಿಯಾಗಿ ಆರಿಸಿಲ್ಲ ಅಂದುಕೊಂಡೆ. ಹೇಳಿದರೆ ಮನೆಯವರಿಗೆ ನೋವಾಗುತ್ತದಲ್ಲ ಅಂತ ನುಂಗಿಬಿಟ್ಟೆ."

ನಾವು ಜಗಲಿಯಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಿರುವಾಗ ಎಕ್ಸ್‌ರೇಯವನು ಒದ್ದೆ ಫೋಟೋ ಒಂದನ್ನು ಹಿಡಿದು ಹೋಗುತ್ತಾ ನಮ್ಮ ಹತ್ತಿರ ಬಗ್ಗಿದ. "ಮಗುವಿಗೆ ಏಳು" ಎಂದ ಗುಟ್ಟಾಗಿ. "ಡಾಕ್ಟರಿಗೆ ಹನ್ನೊಂದು."

೫. ಬಿಳಿ, ಹಳದಿ

ಆಮೇಲಿನ ಮೂರು ದಿನ ನಮ್ಮ ಮನೆಯಲ್ಲಿ ಮಗು ಮಹಾರಾಣಿ. ಬಾಳೆಹಣ್ಣು ಸಿಪ್ಪೆ ಸುಲಿದೇ ಬಾಯಿಗೆ ಬರುತ್ತಿತ್ತು. ಹಿತ್ತಲಿಗೆ ಹೋದರೆ ಹಿಂದೆಯೇ ಇಬ್ಬರು ಹೆಂಗಸರು ಓಡುತ್ತಿದ್ದೆವು. ಹಳೆಯ ತಗಡಿನ ತಟ್ಟೆ, ಕೋಲು, ಒಂದು ಕೊಡ ನೀರು. ಆ ಕೆಲಸವನ್ನು ನಾನು ವರ್ಣಿಸುವುದಿಲ್ಲ. ತಾಯಂದಿರಿಗೆ ಹೇಳಬೇಕಾಗಿಲ್ಲ, ಉಳಿದವರು ತಿಳಿಯಬೇಕಾಗಿಲ್ಲ.

ಇಷ್ಟರಲ್ಲಿ ನನ್ನ ತಲೆ ಜಂಬದಿಂದ ಸ್ವಲ್ಪ ತಿರುಗಿತ್ತು ಅಂತಲೂ ಹೇಳಬೇಕು. ಚೆನ್ನಾಗಿಯೇ ಮುಚ್ಚಿದೆ ಎಂದು ಡಾಕ್ಟರು ಹೇಳಿದ್ದರಲ್ಲ. ಅತ್ತೆ ಏನು ಹೇಳಿದರೂ ನಾನು, "ನಾನು ಪಿನ್ನು ಮುಚ್ಚಿ ಇಡುವವಳು ಅಂತ ಫೋಟೋದಲ್ಲೇ ಬಂದಿದೆ ಅತ್ತೆ" ಎನ್ನುತ್ತಿದ್ದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಐದು ವರ್ಷದಲ್ಲಿ ಮೊದಲ ಸಲ ಅತ್ತೆಗೆ ಉತ್ತರ ಸಿಗುತ್ತಿರಲಿಲ್ಲ. ಯಜಮಾನರು, "ಸಾಕು ಮಾರಾಯ್ತಿ, ಮೊದಲು ಪಿನ್ನು ಬರಲಿ" ಎಂದರು.

ಮೊದಲ ದಿನ ಏನೂ ಇಲ್ಲ. ಎರಡನೇ ದಿನ ಮೂರು ಚರೆ ಬಂತು, ಪಿನ್ನು ಇಲ್ಲ. ಮೂರನೇ ದಿನ ಮಧ್ಯಾಹ್ನದವರೆಗೂ ಇಲ್ಲ. ನನ್ನ ಜಂಬವೆಲ್ಲ ಇಳಿದುಹೋಯಿತು. ಯಜಮಾನರು ಹೋಗಿ ಎಸ್ಟೇಟಿನ ದೊರೆಯಲ್ಲಿ ರಜೆ ಕೇಳಿ ಬಂದರು. ನಾನು ಮೈಸೂರಿಗೆಂದು ಬಟ್ಟೆ ಮಡಚಿಡುತ್ತಾ, ಮಗುವಿನ ಸಣ್ಣ ಲಂಗ ಕೈಗೆ ಬಂದಾಗಲೆಲ್ಲ ಕೂತು ಅಳುತ್ತಿದ್ದೆ. ಅತ್ತೆ ಆ ದಿನ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಊಟವಾದ ಮೇಲೆ ಮಗು ತಾನಾಗಿಯೇ ಹಿತ್ತಲಿಗೆ ಹೋದಳು. ತಗಡಿನ ತಟ್ಟೆಯಲ್ಲಿ ಟಣ್ ಎಂದಿತು.

ಹುಟ್ಟಿದ ಮೇಲೆ ಅಷ್ಟು ಒಳ್ಳೆಯ ಸದ್ದು ನಾನು ಕೇಳಿಲ್ಲ. ಕೊಡದ ನೀರೆಲ್ಲ ಸುರಿದು ತೊಳೆದೆ. ಪಿನ್ನು. ಬಾಯಿ ಗಟ್ಟಿಯಾಗಿ ಮುಚ್ಚಿದ ಪಿನ್ನು. ಯಜಮಾನರು ಮಗುವನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಅಂಗಳ ಸುತ್ತಿದರು. ಬೇಲಿಯಾಚೆಯವರೂ ಓಡಿ ಬಂದರು. ಪಿನ್ನು ಕಪ್ಪಗಾಗಿತ್ತು. ಹುಣಸೆಹಣ್ಣು, ಬೂದಿ ತಂದು ಕಲ್ಲಿನ ಮೇಲೆ ಇಟ್ಟು ಉಜ್ಜತೊಡಗಿದೆ. ನಮ್ಮಕ್ಕ ಕೊಟ್ಟ ಪಿನ್ನು, ಫಳಫಳ ಹಳದಿ ಮಾಡಿ ಎಲ್ಲರಿಗೂ ತೋರಿಸಬೇಕೆಂದು.

ಉಜ್ಜಿದೆ. ಹಳದಿ ಬರಲಿಲ್ಲ. ಇನ್ನೂ ಉಜ್ಜಿದೆ. ಬೆಳ್ಳಗಾಯಿತು. ನೋಡಿದರೆ ನನ್ನದಕ್ಕಿಂತ ದಪ್ಪ.

ಎಕ್ಸ್‌ರೇಯಲ್ಲಿ ಬಣ್ಣ ಬರುವುದಿಲ್ಲ. ನಮ್ಮ ಮನೆಯಲ್ಲಿ ಬಿಳಿ ಪಿನ್ನು ಹಾಕುವವರು ಒಬ್ಬರೇ, ಅದೂ ತಲೆವಸ್ತ್ರಕ್ಕೆ. ನಾನು ಪಿನ್ನನ್ನು ಅಂಗೈಯಲ್ಲಿಟ್ಟು ಅತ್ತೆಯ ಎದುರು ಹಿಡಿದೆ. ಐದು ವರ್ಷ ನಾನು ತಿಂದ ಬೈಗುಳವೆಲ್ಲ ನನ್ನ ಮುಖದ ಮೇಲೆ ಇದ್ದಿರಬೇಕು. ಬೇಲಿಯಾಚೆಯವರೂ ಪಿನ್ನು ನೋಡಿದರು, ಅತ್ತೆಯ ತಲೆ ನೋಡಿದರು. ವಸ್ತ್ರಕ್ಕೆ ಪಿನ್ನಿರಲಿಲ್ಲ, ಗಂಟು ಹಾಕಿತ್ತು.

ಅತ್ತೆ ಒಳಗೆ ಹೋದರು. ಚಾಪೆ ಕೊಡವಿದ ಸದ್ದು, ಮಂಚ ಎಳೆದ ಸದ್ದು. ಹೊರಗೆ ಬರುವಾಗ ಎರಡು ಬೆರಳಿನ ನಡುವೆ ನನ್ನ ಹಳದಿ ಪಿನ್ನಿತ್ತು. ಕಿಟಕಿಯಿಂದ ಮಂಚದ ಸಂದಿಗೆ ಬಿದ್ದದ್ದು. ಇಷ್ಟಗಲ ಬಾಯಿ ತೆರೆದಿತ್ತು.

ಅದನ್ನು ತಂದು ನನ್ನ ಅಂಗೈಯಲ್ಲಿ ಬಿಳಿ ಪಿನ್ನಿನ ಪಕ್ಕ ಇಟ್ಟರು.

"ನೋಡು" ಎಂದರು. "ಮಗು ನಂದನ್ನು ನುಂಗಿದ್ದಕ್ಕೆ ಬದುಕಿತು. ನಿಂದನ್ನು ನುಂಗಿದ್ದರೆ ಇಷ್ಟು ಹೊತ್ತಿಗೆ ಮೈಸೂರಿನಲ್ಲಿರುತ್ತಿದ್ದೆವು."